ನಲವತ್ತೊಂದು ಮನೆಯ ಸೋಮವಾರ

ನನ್ನ ಪ್ರೋಗ್ರಾಮಿನಲ್ಲಿ ಒಂದೇ ಒಂದು ತಪ್ಪು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಎಷ್ಟೋ ದಿನ ಈ ಒಂದು ಮಾತನ್ನೇ ನನಗೆ ನಾನು ಹೇಳಿಕೊಂಡು ಓಡಾಡಿದ್ದೇನೆ. ಬರೆದ ಹಾಗೆ ಓಡುತ್ತಿತ್ತು. ಕೇಳಿದ್ದಕ್ಕೆ ಉತ್ತರ ಕೊಡುತ್ತಿತ್ತು. ಬೇಕೆಂದ ಕಡೆ ನಿಲ್ಲಿಸಿ ಒಳಗೆ ಏನು ನಡೆಯುತ್ತಿದೆ ಎಂದು ಇಣುಕಿ ನೋಡಬಹುದಿತ್ತು. ಅಂಥ ಅಚ್ಚುಕಟ್ಟಾದ ಪ್ರೋಗ್ರಾಮು ಇಟ್ಟುಕೊಂಡು ನಾನು ಒಬ್ಬ ಹೆಂಗಸಿನ ಕೆಲಸ ಕಳೆದೆ.

ಎರಡು ಸಾವಿರದ ಐದೋ ಆರೋ ಇರಬೇಕು. ತಮಿಳುನಾಡಿನ ಗಡಿಯೊಳಗಿರುವ ನಮ್ಮ ತಾಳವಾಡಿಯಲ್ಲಿ ಅಕ್ಕಿ ಗಿರಣಿಯ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದು ಒಂದು ಸಣ್ಣ ಟ್ರಸ್ಟಿನವರು ಮಕ್ಕಳ ಆರೋಗ್ಯದ ಕೆಲಸ ನಡೆಸುತ್ತಿದ್ದರು. ಊರಿಗೊಬ್ಬಳು ಹೆಂಗಸು. ಅವಳ ಹೆಗಲಿಗೊಂದು ಚೀಲ, ಚೀಲದಲ್ಲಿ ಒಂದು ತೂಗುತಕ್ಕಡಿ, ಒಂದು ರಿಜಿಸ್ಟರು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ತಿಂಗಳಿಗೊಂದು ಸಲ ಹೋಗಿ ಮಗುವನ್ನು ತೂಗಿ ಬರೆದುಕೊಳ್ಳಬೇಕು, ತೂಕ ಕಡಿಮೆಯಿದ್ದರೆ ಹೆಸರಿನ ಮುಂದೆ ಕೆಂಪು ಗೀಟು ಎಳೆಯಬೇಕು. ಡಾಕ್ಟರಮ್ಮ ಮಂಗಳವಾರ ಮಂಗಳವಾರ ಸತ್ಯಮಂಗಲದಿಂದ ಜೀಪಿನಲ್ಲಿ ದಿಂಬಂ ಘಾಟಿ ಹತ್ತಿ ಬಂದು ಆ ರಿಜಿಸ್ಟರುಗಳನ್ನು ನೋಡುತ್ತಿದ್ದರು. ಅವರು ತಮಿಳಿನವರು. ನಮ್ಮ ಕಡೆಯ ಕನ್ನಡ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ನಾನು ತಿಳಿಸುತ್ತಿದ್ದೆ.

ನಾನು ಕಂಪ್ಯೂಟರಿನವಳು. ದಿನಾ ಬೆಳಗ್ಗೆ ಗೆಟ್ಟವಾಡಿ ಕಡೆಯ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ಆರು ತಿಂಗಳು ಕೋರ್ಸು ಮಾಡಿದ್ದೆ. ನಮ್ಮ ಬೀದಿಯಲ್ಲಿ ಹಾಗೆ ಹೋಗಿ ಬಂದ ಮೊದಲನೇ ಹೆಣ್ಣು ನಾನೇ. ಹಾಗಾಗಿ ತಲೆಗೆ ಎರಡು ಕೋಡು ಮೂಡಿದ್ದವು. ಊರಲ್ಲಿ ಲಿಂಗಪೂಜೆ ಮಾಡುವ, ಹೊಲ ಗದ್ದೆ ಇರುವ ಮನೆಯವಳು ಬೇರೆ. ಇನ್ನೇನು ಬೇಕು!

ಕೊಯಮತ್ತೂರಿನಿಂದ ಒಬ್ಬ ಇಂಜಿನಿಯರು ಹದಿನೈದು ದಿನ ಬಂದು ನಮ್ಮ ಆಫೀಸಿನಲ್ಲಿ ಕೂತು ನನಗೆ ಪರ್ಲ್ ಎಂಬ ಭಾಷೆಯಲ್ಲಿ ಸಣ್ಣ ಸಣ್ಣ ಪ್ರೋಗ್ರಾಮು ಬರೆಯುವುದು ಕಲಿಸಿಕೊಟ್ಟ. ಹೋಗುವ ಮುನ್ನ ಅದರ ಡಿಬಗರ್ ತೋರಿಸಿದ. ಡಿಬಗರ್ ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ಅಡ್ಡಗಟ್ಟಿ ವಿಚಾರಿಸುವ ಸಲಕರಣೆ. ಕಪ್ಪು ಪರದೆಯ ಮೇಲೆ ಮುಂದೆ ನಡೆಯಬೇಕಾದ ಸಾಲು ಒಂದೇ ಬಂದು ನಿಲ್ಲುತ್ತದೆ. ‘ಎನ್’ ಎಂಬ ಅಕ್ಷರ ಒತ್ತಿದರೆ ಆ ಸಾಲು ಮುಗಿಸಿ ಮುಂದಿನ ಸಾಲಿಗೆ ಬಂದು ಮತ್ತೆ ಕಾಯುತ್ತದೆ. ‘ಪಿ’ ಎಂದು ಹೊಡೆದು ಯಾವ ಲೆಕ್ಕದ ಹೆಸರು ಕೊಟ್ಟರೂ ಆ ಗಳಿಗೆಯಲ್ಲಿ ಅದರಲ್ಲಿ ಎಷ್ಟಿದೆ ಎಂದು ತೋರಿಸುತ್ತದೆ. ಇಂಥ ಸಾಲಿನಲ್ಲಿ, ಇಂಥ ಲೆಕ್ಕ ಇಷ್ಟು ದಾಟಿದಾಗ ಮಾತ್ರ ನಿಲ್ಲು ಅಂದರೆ ಅಲ್ಲೇ ನಿಲ್ಲುತ್ತದೆ. ಮನೆಯಲ್ಲಿ ನನ್ನ ಮಾತಿಗೆ ಯಾರೂ ಅಷ್ಟು ವಿಧೇಯರಾಗಿರಲಿಲ್ಲ. ನನಗೆ ಅದರ ಹುಚ್ಚು ಹಿಡಿಯಿತು. ಕೆಲಸವಿಲ್ಲದಾಗಲೂ ಪ್ರೋಗ್ರಾಮನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾ ಕೂರುತ್ತಿದ್ದೆ.

ನಮ್ಮ ಊರಿನ ಚೀಲ ಹೊತ್ತವಳು ಕೇರಿಯ ಹೆಂಗಸು. ನಲವತ್ತು ದಾಟಿರಬಹುದು. ಏಳನೇ ಕ್ಲಾಸಿನವರೆಗೆ ಓದಿದ್ದಳು, ಕನ್ನಡ ತಮಿಳು ಎರಡನ್ನೂ ಬರೆಯುತ್ತಿದ್ದಳು. ಅದಕ್ಕೂ ಮೊದಲು ನಮ್ಮ ಹೊಲದಲ್ಲೇ ಕಳೆ ಕೀಳುತ್ತಿದ್ದವಳು, ನಾನು ಅಂಬೆಗಾಲಿಟ್ಟದ್ದನ್ನು ನೋಡಿದವಳು. ಊರಲ್ಲಿ ನಾನು ಅವಳನ್ನು ‘ಬಾ, ಹೋಗು’ ಅನ್ನುತ್ತಿದ್ದೆ. ಆಫೀಸಿನಲ್ಲಿ ಡಾಕ್ಟರಮ್ಮ ಎಲ್ಲರನ್ನೂ ಅಕ್ಕ ಎಂದೇ ಕರೆಯಬೇಕು ಎಂದು ಕಟ್ಟಪ್ಪಣೆ ಮಾಡಿದ್ದರಿಂದ ಅಲ್ಲಿ ‘ಅಕ್ಕ’. ಬಸ್ಸು ಇಳಿದು ಊರ ಬಾಗಿಲಿಗೆ ಬರುತ್ತಿದ್ದ ಹಾಗೆ ನನ್ನ ಬಾಯಿಂದ ಆ ಅಕ್ಕ ಉದುರಿಹೋಗುತ್ತಿತ್ತು. ಅವಳು ಎರಡು ಕಡೆಯೂ ನನ್ನನ್ನು ‘ಅವ್ವ’ ಅನ್ನುತ್ತಿದ್ದಳು.

ಆ ಚೀಲ ಅವಳಿಗೆ ಏನಾಗಿತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತಿತ್ತು. ಬೆನ್ನು ಬಗ್ಗಿಸದೆ ಊರಲ್ಲಿ ನಡೆಯಲು ಅವಳಿಗೆ ಇದ್ದದ್ದು ಅದೊಂದೇ. ಸೀರೆಗೆ ಪಿನ್ನು ಹಾಕಿಕೊಂಡು, ಚೀಲ ಎಡಗಡೆಗೆ ಇಳಿಬಿಟ್ಟುಕೊಂಡು ಬರುತ್ತಿದ್ದರೆ ನಮ್ಮ ಬೀದಿಯ ಗಂಡಸರು ಮುಖ ಸಿಂಡರಿಸುತ್ತಿದ್ದರು. ಒಂದು ಸಲ ಅವಳು ನಮ್ಮಣ್ಣನ ಮಗುವನ್ನೇ ತೂಗಿ ಹೆಸರಿನ ಮುಂದೆ ಕೆಂಪು ಗೀಟು ಎಳೆದಳು. ಅಮ್ಮ ಮೂರು ದಿನ ಕುದಿದಳು.

“ನಮ್ಮನೇಲಿ ಆಲು ಮೊಸ್ರು ಅರೀತದ, ನಮ್ ಕೂಸ್ಗ ಕೆಂಪು ಗೀಟಾ? ಅವ್ಳಿಗ ಎಷ್ಟು ಕೊಬ್ಬು!” ಎಂದು ಬೈದದ್ದೇ ಬೈದದ್ದು. ನಾನೂ ದನಿಗೂಡಿಸಿದೆ. ಮಗು ನಿಜವಾಗಿಯೂ ಸೊರಗಿತ್ತು. ಅದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು.

ಆ ವರ್ಷ ಇನ್ನೊಂದು ಊರಿನ ಕಾರ್ಯಕರ್ತೆ ಮನೆಯಲ್ಲೇ ಕೂತು ತೂಕ ಬರೆಯುತ್ತಿದ್ದಳು ಎಂದು ಡಾಕ್ಟರಮ್ಮನಿಗೆ ಗೊತ್ತಾಯಿತು. ಅವರಿಗೆ ತಡೆಯಲಾಗದ ಸಿಟ್ಟು. “ಸುಳ್ಳು ಬರೆದವರನ್ನು ಕಂಪ್ಯೂಟರೇ ಹಿಡಿಯುವ ಹಾಗೆ ಮಾಡು” ಎಂದು ನನಗೆ ಹೇಳಿದರು. ಒಂದು ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಮನೆ ನೋಡಿದೆ ಎಂದು ಯಾರಾದರೂ ಬರೆದಿದ್ದರೆ ಅವರ ಹೆಸರು ಅನುಮಾನದ ಪಟ್ಟಿಗೆ ಬರಬೇಕು. ಹಾಗೆ ಮೂರು ತಿಂಗಳು ಬಂದರೆ ಚೀಲ ವಾಪಸ್.

“ಇಷ್ಟು ಅಂದರೆ ಎಷ್ಟು ಮೇಡಂ?” ಎಂದೆ.

“ನೀನೇ ಹಳ್ಳಿಯವಳು. ನಿನಗೇ ಚೆನ್ನಾಗಿ ಗೊತ್ತು. ನೀನೇ ಹಾಕು” ಎಂದರು.

ನಾನು ಕಣ್ಣು ಮುಚ್ಚಿ ಲೆಕ್ಕ ಹಾಕಿದೆ. ನಮ್ಮ ಬೀದಿಯಲ್ಲಿ ಅವಳು ಒಂದು ಮನೆ ನೋಡಲು ಅರ್ಧ ಗಂಟೆಯಾದರೂ ಹಿಡಿಯುತ್ತಿತ್ತು. ಹತ್ತು ಗಂಟೆ ದುಡಿದರೆ ಇಪ್ಪತ್ತು ಮನೆ. ಇಪ್ಪತ್ತು ಹಾಕಿದೆ. ಧಾರಾಳವಾಗಿಯೇ ಹಾಕಿದ್ದೇನೆ ಅಂತಲೂ ಅಂದುಕೊಂಡೆ. ಆ ಅರ್ಧ ಗಂಟೆ ಏಕೆ ಹಿಡಿಯುತ್ತಿತ್ತು ಅನ್ನುವುದು ಮಾತ್ರ ನನ್ನ ತಲೆಗೆ ಬರಲಿಲ್ಲ. ಅವಳು ಜಗಲಿಯ ಕೆಳಗೆ ನಿಂತು ಕೂಗಬೇಕಿತ್ತು. ಒಳಗಿನವರು ಕೈಗೆಲಸ ಮುಗಿಸಿ, ಬೇಕೆನಿಸಿದಾಗ ಹೊರಗೆ ಬರುತ್ತಿದ್ದರು. ಮಗುವನ್ನು ಅವಳ ಕೈಗೆ ಕೊಡುವಂತಿಲ್ಲ, ಮನೆಯವರೇ ತಂದು ತಕ್ಕಡಿಗೆ ಹಾಕಬೇಕು, ಮನೆಯವರೇ ತೆಗೆಯಬೇಕು. ನಾವು ಅವಳನ್ನು ಬಿಸಿಲಲ್ಲಿ ಕಾಯಿಸಿದ ಹೊತ್ತನ್ನೆಲ್ಲ ನಾನು ಕೆಲಸದ ಹೊತ್ತು ಎಂದು ಲೆಕ್ಕ ಹಿಡಿದಿದ್ದೆ. ಥೂ ನನ್ನ ಬುದ್ಧಿಗಿಷ್ಟು!

ಪ್ರೋಗ್ರಾಮು ಓಡಿಸಿದ ಮೊದಲ ತಿಂಗಳೇ ಅವಳ ಹೆಸರು ಬಂತು. ಎರಡನೇ ತಿಂಗಳೂ ಬಂತು. ಮೂರನೇ ತಿಂಗಳೂ ಬಂತು. ಪ್ರತಿ ತಿಂಗಳೂ ಒಂದು ಸೋಮವಾರ ನಲವತ್ತೊಂದು ಮನೆ, ಮಿಕ್ಕ ದಿನಗಳಲ್ಲಿ ನಾಲ್ಕೋ ಐದೋ. ಡಾಕ್ಟರಮ್ಮ ಪಟ್ಟಿಯನ್ನು ಎರಡು ಸಲ ಓದಿದರು. ಅವಳ ಮೇಲೆ ಅವರಿಗೆ ವಿಶ್ವಾಸವಿತ್ತು. “ಎಲ್ಲಾದರೂ ಪ್ರೋಗ್ರಾಮು ತಪ್ಪಿದೆಯಾ ನೋಡು” ಎಂದರು. ತಪ್ಪಿಲ್ಲ ಎಂದೆ. ಬೇಕಾದರೆ ಅವಳ ಎದುರಿಗೇ ಸಾಲು ಸಾಲಾಗಿ ತೋರಿಸುತ್ತೇನೆ ಎಂದೆ. ಯಾರೂ ಕೇಳದ ಮಾತು ಅದು. ನಾನಾಗಿಯೇ ಹೇಳಿದೆ.

ಮುಂದಿನ ಮಂಗಳವಾರ ಅವಳನ್ನು ಕರೆಸಿದರು. ಒಗೆದ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಡಾಕ್ಟರಮ್ಮ ನನ್ನ ಬೆನ್ನ ಹಿಂದೆ ನಿಂತರು. ನಾನು ಡಿಬಗರ್ ಹಾಕಿ, ಮನೆಗಳ ಲೆಕ್ಕ ಇಪ್ಪತ್ತು ದಾಟಿದರೆ ಈ ಸಾಲಿನಲ್ಲಿ ನಿಲ್ಲು ಎಂದು ಹೇಳಿ ಓಡಿಸಿದೆ. ಊರು ಊರುಗಳ ಸಾವಿರಾರು ಸಾಲು ದಾಟಿಕೊಂಡು ಹೋಗಿ ಅದು ಅವಳ ಹತ್ತಿರ ನಿಂತಿತು.

ಅವಳು ಎದ್ದು ಬಂದು ಪರದೆಯನ್ನು ನೋಡಿದಳು. “ಇದ್ರೊಳ್ಗ ನಾನ್ ಎಲ್ಲಿವ್ನಿ, ತೋರ್ಸವ್ವ” ಎಂದಳು.

ನಾನು ‘ಪಿ’ ಹೊಡೆದು ಅವಳ ಹೆಸರು ತೋರಿಸಿದೆ. ಮತ್ತೆ ಹೊಡೆದು ತಾರೀಖು ತೋರಿಸಿದೆ. ಮತ್ತೆ ಹೊಡೆದು ನಲವತ್ತೊಂದು ತೋರಿಸಿದೆ. ಒಂದೊಂದು ಸಲ ಒತ್ತಿದಾಗಲೂ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಹಾಗೆಯೇ.

“ಊಂ. ಅದು ನಾನೇ ಬರ್ದಿದ್ದು. ನಲವತ್ತೊಂದು ಮನೆ ನಿಜ ಕಣವ್ವ” ಎಂದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, “ಸ್ವಾಮಾರ ನಮ್ಮೂರಲ್ಲಿ ಎತ್ತು ಕಟ್ಟಕಿಲ್ಲ ಡಾಕ್ಟ್ರಮ್ಮ. ಒಲಕ್ಕ ಯಾರೂ ಓಗಲ್ಲ. ಕೇರಿ ಜನವೆಲ್ಲ ಅವತ್ತು ಮನೇಲೇ ಇರ್ತರ. ಉಣಸೇ ಮರಕ್ಕ ತಕ್ಡಿ ಕಟ್ಬುಟ್ರೆ ಎಲ್ರೂ ಕೂಸ್ಗಳ ಎತ್ಕಂಡು ಅಲ್ಲಿಗೇ ಬತ್ತರ. ಒತ್ತು ನೆತ್ತಿಗ ಬರಗಂಟ ಮುಗ್ದೋಯ್ತದ. ಬ್ಯಾರೆ ದಿನ ಓದ್ರೆ ಬಾಗ್ಲಿಗ ಬೀಗ” ಎಂದಳು.

ಅವಳು ಆಡಿದ್ದು ಒಂದೊಂದು ಮಾತೂ ನಿಜ. ಹಿಂದಿನ ದಿನ ಸೋಮವಾರ. ನಮ್ಮ ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೊಂಗೆ ನೆರಳಲ್ಲಿ ಮಲಗಿದ್ದವು. ಶಿವನ ವಾಹನಕ್ಕೆ ವಾರಕ್ಕೊಂದು ದಿನ ಬಿಡುವು ಎಂದು ಅಪ್ಪ ಹುಟ್ಟಿದಾಗಿನಿಂದ ಪಾಲಿಸಿದ್ದ, ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನೇಗಿಲು ಏಳದ ದಿನ ಕೂಲಿಯವರಿಗೂ ಕರೆ ಹೋಗುವುದಿಲ್ಲ. ಸೋಮವಾರ ಕೇರಿ ತುಂಬಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಮತ್ತೆ ಪರದೆ ನೋಡಿದಳು. ಇಪ್ಪತ್ತು ದಾಟಿದರೆ ನಿಲ್ಲು ಎಂದು ನಾನು ಹೊಡೆದಿದ್ದ ಕಡೆ ಬೆರಳು ತೋರಿಸಿದಳು. “ಈ ಇಪ್ಪತ್ತು ಎಲ್ಲಿಂದ ಬಂತು? ಇದ್ನ ನಾನ್ ಬರೀನಿಲ್ವಲ್ಲ.”

“ಅದು ಪ್ರೋಗ್ರಾಮ್‌ನಲ್ಲೇ ಅದ” ಎಂದೆ.

“ಪ್ರೋಗ್ರಾಮ್‌ಗ ಯಾರ್ ಯೋಳಿದ್ದು?”

“ಅದು ಅಂಗೇ ಇರ್ತದ, ಅಕ್ಕ” ಎಂದೆ.

ಡಾಕ್ಟರಮ್ಮ ನನ್ನನ್ನು ತಮಿಳಿನಲ್ಲಿ ಕೇಳಿದರು. “ಇವಳು ಹೇಳುವುದು ಸರಿಯಾ? ಸೋಮವಾರ ಹಾಗೆ ಇರುತ್ತದಾ? ನೀನೂ ಅದೇ ಊರಿನವಳು ತಾನೆ?”

ಪಾಪ, ಅವರು ಸರಿಯಾದ ಪ್ರಶ್ನೆಯನ್ನು ಸರಿಯಾದವಳಿಗೇ ಕೇಳಿದ್ದರು. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೌದು ಅಂದರೆ ಇಪ್ಪತ್ತು ತಪ್ಪು. ಇಪ್ಪತ್ತು ತಪ್ಪು ಅಂದರೆ ಅದನ್ನು ಹಾಕಿದ ನಾನು ತಪ್ಪು. ಮುಂದಿನ ವಾರ ನಮ್ಮ ಕೆಲಸ ಪರಿಶೀಲಿಸಲು ಈರೋಡಿನಿಂದ ಬರುವ ಅಧಿಕಾರಿಗಳಿಗೆ ಇದೇ ಪ್ರೋಗ್ರಾಮನ್ನು ತೋರಿಸುವುದೆಂದು ಆಗಿತ್ತು. ಅಮ್ಮನ ಮೂರು ದಿನದ ಬೈಗುಳವೂ ಆ ಕೆಂಪು ಗೀಟೂ ನನ್ನ ಹೊಟ್ಟೆಯೊಳಗೆ ಎಲ್ಲೋ ಕೂತಿದ್ದವು. ಬಾಯಿ ತೆರೆದೆ.

“ತೆರಿಯಲ ಮೇಡಂ” ಎಂದೆ. ಗೊತ್ತಿಲ್ಲ ಎಂದು.

ಅವಳಿಗೆ ತಮಿಳು ನನ್ನಷ್ಟೇ ಬರುತ್ತಿತ್ತು. ನನ್ನ ಮುಖ ನೋಡಿದಳು. ಕೂಗಾಡಲಿಲ್ಲ, ಅಳಲಿಲ್ಲ, ನನ್ನನ್ನು ಸುಳ್ಳಿ ಅನ್ನಲಿಲ್ಲ. ಹೇಗೆ ಅಂದಾಳು? ಅವಳ ತಮ್ಮನೂ ಅವಳ ಗಂಡನೂ ನಮ್ಮ ಹೊಲಕ್ಕೇ ಕೂಲಿಗೆ ಬರುತ್ತಿದ್ದರು. ತಕ್ಕಡಿ ತೆಗೆದು ಮೇಜಿನ ಮೇಲೆ ಇಟ್ಟಳು, ರಿಜಿಸ್ಟರು ಇಟ್ಟಳು, ಕೆಂಪು ಪೆನ್ನು ನೀಲಿ ಪೆನ್ನು ಇಟ್ಟಳು. ಚೀಲ ಖಾಲಿಯಾದ ಮೇಲೆ ಅದನ್ನೂ ಮಡಿಸಿ ಇಟ್ಟಳು. ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ಅವರಿಗೆ ಸಂಕಟವಾಗಿತ್ತು, ನನಗಿಂತ ಹೆಚ್ಚೇ ಆಗಿತ್ತು.

ಅವರೆಲ್ಲ ಕೋಣೆಯಿಂದ ಹೊರಗೆ ಹೋದ ಮೇಲೆ ಸಾಯಂಕಾಲ ಐದರ ಹೊತ್ತಿಗೆ ನಾನೊಬ್ಬಳೇ ಕೂತೆ. ಪ್ರೋಗ್ರಾಮು ಇನ್ನೂ ಅವಳ ಸಾಲಿನಲ್ಲೇ ನಿಂತಿತ್ತು. ಅದನ್ನು ಬಿಟ್ಟು ಮೊದಲಿನಿಂದ ಡಿಬಗರ್‌ನಲ್ಲಿ ಓಡಿಸಿದೆ. ಡಿಬಗರ್‌ನಲ್ಲಿ ಇನ್ನೊಂದು ಅನುಕೂಲ ಉಂಟು. ನಿಂತ ಕಡೆಯಲ್ಲೇ ಲೆಕ್ಕವನ್ನು ಬದಲಾಯಿಸಿ ಮುಂದಕ್ಕೆ ಬಿಟ್ಟರೆ, ಬದಲಾಯಿಸಿದ ಲೆಕ್ಕದಂತೆಯೇ ಓಡುತ್ತದೆ. ಇಪ್ಪತ್ತು ಇದ್ದ ಕಡೆ ಐವತ್ತು ಅಂದೆ. ಬಿಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಅನುಮಾನದ ಪಟ್ಟಿಯಲ್ಲಿ ಒಂದು ಹೆಸರೂ ಇರಲಿಲ್ಲ. ಮೂರು ತಿಂಗಳಿನದನ್ನೂ ಹಾಗೆಯೇ ಓಡಿಸಿ ನೋಡಿದೆ. ಎಲ್ಲಿಯೂ ಅವಳಿಲ್ಲ.

ಹಾಗೆ ಬದಲಾಯಿಸಿದ್ದು ಡಿಬಗರ್ ಮುಚ್ಚಿದ ತಕ್ಷಣ ಅಳಿಸಿಹೋಗುತ್ತದೆ. ಉಳಿಯಬೇಕೆಂದರೆ ಫೈಲು ತೆರೆದು ಆ ಒಂದು ಸಾಲನ್ನು ತಿದ್ದಿ ಇಡಬೇಕು, ಏಕೆ ತಿದ್ದಿದೆ ಎಂದು ಡಾಕ್ಟರಮ್ಮನಿಗೆ ಹೇಳಬೇಕು. ಎರಡು ನಿಮಿಷದ ಕೆಲಸ. ಜೀಪು ಇನ್ನೂ ಗಿರಣಿಯ ಮುಂದೆಯೇ ನಿಂತಿತ್ತು, ಡ್ರೈವರು ಟೀ ಕುಡಿಯುತ್ತಿದ್ದ. ನಾನು ‘ಕ್ಯೂ’ ಒತ್ತಿ ಹೊರಗೆ ಬಂದು, ಕಂಪ್ಯೂಟರ್ ಆರಿಸಿ, ಬಸ್ಸಿಗೆ ಹೊರಟೆ.

ಅವಳ ಜಾಗಕ್ಕೆ ನಮ್ಮ ದೊಡ್ಡಪ್ಪನ ಸೊಸೆ ಬಂದಳು. ಊರಲ್ಲಿ ಓದು ಬರಹ ಬರುವ ಇನ್ನೊಬ್ಬ ಹೆಂಗಸು ಇಲ್ಲ ಎಂದು ಡಾಕ್ಟರಮ್ಮನಿಗೆ ಹೇಳಿದವಳೂ ನಾನೇ. ಅತ್ತಿಗೆ ಒಂದು ದಿನವೂ ಕೇರಿಯೊಳಗೆ ಕಾಲಿಡಲಿಲ್ಲ. ಜಗಲಿಯ ಮೇಲೆ ಕೂತು, ಹೋದ ತಿಂಗಳ ತೂಕಕ್ಕೆ ಇಷ್ಟಿಷ್ಟು ಸೇರಿಸಿ, ದಿನಕ್ಕೆ ಎಂಟು ಮನೆಯಂತೆ ಅಂದವಾದ ಅಕ್ಷರದಲ್ಲಿ ತುಂಬಿಸುತ್ತಿದ್ದಳು. ಕೆಂಪು ಪೆನ್ನಿನ ಮುಚ್ಚಳ ತೆಗೆದದ್ದನ್ನು ನಾನು ಕಾಣೆ. ನಾನು ಅದನ್ನೆಲ್ಲ ಟೈಪು ಮಾಡಿ ಪ್ರೋಗ್ರಾಮಿಗೆ ಕೊಡುತ್ತಿದ್ದೆ. ಅದು ಒಂದು ಸಲವೂ ನಿಲ್ಲಲಿಲ್ಲ. ಎಂಟು ಇಪ್ಪತ್ತಕ್ಕಿಂತ ಕಡಿಮೆ, ಸರಿ, ಮುಂದೆ. ಈರೋಡಿನಿಂದ ಬಂದವರು ನಮ್ಮ ಊರಿನ ರಿಜಿಸ್ಟರನ್ನು ಕೈಯಲ್ಲಿ ಹಿಡಿದು ಎಷ್ಟು ಒಪ್ಪವಾಗಿದೆ ಎಂದು ಹೊಗಳಿದರು. ನನಗೂ ಒಂದು ಹೊಗಳಿಕೆ ಸಿಕ್ಕಿತು. ಅದನ್ನು ತೆಗೆದುಕೊಂಡೆ.

ಅವಳು ಮತ್ತೆ ನಮ್ಮ ಹೊಲಕ್ಕೆ ಕಳೆಗೆ ಬರತೊಡಗಿದಳು. ಆಲೂಗಡ್ಡೆ ಸಾಲಿನಲ್ಲಿ ಬಗ್ಗಿ ಕೂತಿರುತ್ತಿದ್ದಳು. ನಾನು ಬಸ್ಸಿಗೆ ಹೋಗುವ ದಾರಿ ಆ ಬದುವಿನ ಮೇಲೆಯೇ. ಮೊದಮೊದಲು “ಒರ್ಟ್ಯಾ ಅವ್ವ?” ಎಂದು ಕೇಳುತ್ತಿದ್ದಳು. ಆಮೇಲೆ ಅದೂ ನಿಂತಿತು. ನಾನು ಸುತ್ತುಬಳಸಿ ಕೆರೆ ದಾರಿಯಲ್ಲಿ ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಊರಲ್ಲಿ ಅವಳು ಸುಳ್ಳು ಲೆಕ್ಕ ಬರೆದು ಸಿಕ್ಕಿಬಿದ್ದಳು ಎಂದೇ ಮಾತಾಗಿತ್ತು. ಕಂಪ್ಯೂಟರೇ ಹಿಡಿಯಿತಂತೆ ಎಂದು ಅಪ್ಪ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದ, ಮಗಳನ್ನು ತೋರಿಸುತ್ತಿದ್ದ.

ಎರಡು ವರ್ಷದ ನಂತರ ಟ್ರಸ್ಟಿನವರು ತಾಳವಾಡಿಯ ಕೆಲಸ ನಿಲ್ಲಿಸಿದರು. ಡಾಕ್ಟರಮ್ಮ ಎಲ್ಲೋ ದೂರದ ಊರಿಗೆ ಹೋದರು. ಕಂಪ್ಯೂಟರನ್ನು ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿದರು. ಇನ್ನು ನನ್ನನ್ನು ಯಾರೂ ಏನೂ ಕೇಳುವವರಿಲ್ಲ ಎಂದು ಖಾತ್ರಿಯಾದ ಮೇಲೆ ನನಗೆ ಧೈರ್ಯ ಬಂತು ನೋಡಿ. ಅದಾಗಿ ಬಂದ ಸೋಮವಾರ ಬೆಳಗ್ಗೆ ಕೇರಿಗೆ ಹೋದೆ. ಹುಟ್ಟಿ ಬೆಳೆದ ಊರಿನಲ್ಲಿ ಕೇರಿಯೊಳಗೆ ಹೋದದ್ದು ಅದೇ ಮೊದಲು. ಗೋಡೆಗೆ ಗೋಡೆ ತಾಗಿಕೊಂಡು ಮನೆಗಳು, ಒಂದು ಮನೆಯ ಕೆಮ್ಮು ಇನ್ನೊಂದು ಮನೆಗೆ ಕೇಳುವ ಹಾಗೆ. ಈ ತುದಿಯಿಂದ ಆ ತುದಿಗೆ ಐದು ನಿಮಿಷ ಬೇಡ. ನಲವತ್ತೊಂದು ಏನು, ನೂರು ಮನೆಯನ್ನಾದರೂ ಮಧ್ಯಾಹ್ನದೊಳಗೆ ನೋಡಬಹುದಿತ್ತು.

ಅವಳು ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಎದ್ದಳು. “ಏನವ್ವ, ಇಲ್ಲಿಗಂಟ ಬಂದ್ಬುಟ್ಟೆ?” ಎಂದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. “ಆ ಇಪ್ಪತ್ತು ಹಾಕಿದ್ದು ನಾನೇ ಅಕ್ಕ” ಎಂದೆ.

“ಅದು ಅವತ್ತೇ ಗೊತ್ತಾಯ್ತು ಕಣವ್ವ. ಮಿಷಿನ್‌ಗೇನ್ ಗೊತ್ತು ನಮ್ಮೂರು.”

“ಸೋಮವಾರದ್ದೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದ್ಬುಟ್ಟೆ.”

“ಅದೂ ಗೊತ್ತು. ಡಾಕ್ಟ್ರಮ್ಮನಿಗ ಯೋಳ್ದ್ಯಾ ಇದ್ನ?”

“ಅವ್ರು ಓದ್ರು. ಆಫೀಸೇ ಇಲ್ಲ ಈಗ.”

“ಅವ್ರು ಇದ್ದಾಗ ಬಾಯಿ ಬರ್ನಿಲ್ಲ, ಓದ್ಮ್ಯಾಲ ಬಂತು” ಎಂದಳು. ದನಿ ಏರಿಸಲಿಲ್ಲ. ಪಕ್ಕದ ಬಾಗಿಲುಗಳಲ್ಲಿ ಹೆಂಗಸರು ನಿಂತು ನಮ್ಮನ್ನೇ ನೋಡುತ್ತಿದ್ದರು. ಅವರಿಗೆಲ್ಲ ಕೇಳಿಸುತ್ತಿತ್ತು, ಕೇಳಿಸಲಿ ಎಂದೇ ನಾನೂ ನಿಂತಿದ್ದೆ.

ನನ್ನ ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲಿ ಬರಲಿಲ್ಲ. ಏನಾದರೂ ಮಾಡಬೇಕು ಅನ್ನಿಸಿತು. ನಮ್ಮ ಮನೆಯವರು ಯಾರೂ ಆ ಬೀದಿಯಲ್ಲಿ ತೊಟ್ಟು ನೀರು ಮುಟ್ಟಿದವರಲ್ಲ. ಬಾಗಿಲ ಒಳಗಡೆ ತಾಮ್ರದ ಕೊಡ ತುಂಬಿ ನಿಂತಿತ್ತು. “ಒಂದ್ ಲೋಟ ನೀರು ಕೊಡಕ್ಕ, ಕುಡೀತೀನಿ” ಎಂದೆ. ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದೇ ನನ್ನ ಎಣಿಕೆ. ಅಪ್ಪನಿಗೆ ಗೊತ್ತಾದರೂ ಆಗಲಿ ಎಂದು ಕೈ ಚಾಚಿಕೊಂಡು ನಿಂತೆ.

ಅವಳು ಕೊಡವನ್ನು ನೋಡಿದಳು. ನನ್ನ ಕೈಯನ್ನು ನೋಡಿದಳು.

“ಬ್ಯಾಡ ಕಣವ್ವ” ಎಂದಳು. “ಕುಡುದ್ರೆ ನಿನ್ನೊಟ್ಟೆ ತಣ್ಣಗಾಯ್ತದ. ನಂಗೇನಾಯ್ತದ?”

ಆಮೇಲೆ ಕೂತು, ಮೊರ ಎತ್ತಿಕೊಂಡು ಹುರುಳಿ ಕೇರತೊಡಗಿದಳು.